ಮನೆಯನ್ನೂ ಕಾರ್ಖಾನೆಯನ್ನೂ ಒಂದೇ ಮನಸ್ಸಿನಿಂದ ನಡೆಸಿದ ಉದ್ಯಮಿ: ಎನ್ರೀಕೆ ಶಾ

ಪಾಠದ ಉದ್ದೇಶ: ಒಬ್ಬ ಉದ್ಯಮಿಯ ಜೀವನವನ್ನು ತಿಳಿದುಕೊಂಡು, ನಮ್ಮ ಕೈಕೆಳಗೆ ದುಡಿಯುವವರ ಬಗ್ಗೆ ನಮಗಿರುವ ಜವಾಬ್ದಾರಿಯನ್ನು ಚಿಂತಿಸುವುದು.



ನಮ್ಮ ಸ್ವಸಹಾಯ ಸಂಘಗಳಲ್ಲಿ ಸಾಲ ಪಡೆದು ಸಣ್ಣ ಉದ್ಯಮ ಶುರು ಮಾಡಿದವರು ಈಗ ತುಂಬಾ ಮಂದಿ ಇದ್ದಾರೆ. ಹಪ್ಪಳ, ಹೊಲಿಗೆ, ಕ್ಯಾಂಟೀನ್, ಕೋಳಿ ಸಾಕಣೆ ಹೀಗೆ ಹಲವು ಬಗೆ. ಕೆಲವರು ಒಬ್ಬರನ್ನೋ ಇಬ್ಬರನ್ನೋ ಕೆಲಸಕ್ಕೂ ಇಟ್ಟುಕೊಂಡಿದ್ದಾರೆ. ಅಂದರೆ ನಿನ್ನೆಯವರೆಗೆ ಕೂಲಿ ತೆಗೆದುಕೊಳ್ಳುತ್ತಿದ್ದವರು ಇವತ್ತು ಕೂಲಿ ಕೊಡುವವರಾಗಿದ್ದಾರೆ. ಇದು ಸಂತೋಷದ ವಿಷಯ. ಆದರೆ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಸಿಸ್ಟರ್, ದಯೆ ಧರ್ಮ ಎಲ್ಲಾ ಮನೇಲಿ ಸರಿ. ವ್ಯಾಪಾರದಲ್ಲಿ ಅದೆಲ್ಲಾ ನಡೆಯೋದಿಲ್ಲ." ಈ ಮಾತು ನಿಜವೇ? ಇದಕ್ಕೆ ಉತ್ತರವಾಗಿ ದೂರದ ಅರ್ಜೆಂಟೀನಾ ದೇಶದ ಎನ್ರೀಕೆ ಶಾ ಎಂಬವರ ಬದುಕನ್ನು ಈ ಪಾಠದಲ್ಲಿ ನೋಡೋಣ.

1. ಶ್ರೀಮಂತರ ಮನೆಯ ಹುಡುಗ

ಎನ್ರೀಕೆ ಹುಟ್ಟಿದ್ದು 1921ರ ಫೆಬ್ರವರಿ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ಅರ್ಜೆಂಟೀನಾದ ಹೆಸರಾಂತ ಶ್ರೀಮಂತ ಮನೆತನದವರು. ಆದರೆ ಹಣವಿದ್ದ ಮಾತ್ರಕ್ಕೆ ದುಃಖ ಬಾರದೇ ಇರುವುದಿಲ್ಲ. ಎನ್ರೀಕೆಗೆ 4 ವರ್ಷವಾಗಿದ್ದಾಗ, 1925ರಲ್ಲಿ, ತಾಯಿ ತೀರಿಕೊಂಡರು. ಮಗನನ್ನು ಧರ್ಮಶ್ರದ್ಧೆಯಲ್ಲಿ ಬೆಳೆಸಬೇಕೆಂಬುದು ತಾಯಿಯ ಆಸೆಯಾಗಿತ್ತು. ತಂದೆಗೆ ಅಂಥ ಶ್ರದ್ಧೆ ಇರದಿದ್ದರೂ ಹೆಂಡತಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರು.

1936ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಎನ್ರೀಕೆ ನೌಕಾಪಡೆಯ ಶಾಲೆ ಸೇರಿದರು. 1939ರ ರಜೆಯಲ್ಲಿ ಧರ್ಮಸಭೆಯ ಸಾಮಾಜಿಕ ಬೋಧನೆಯ ಬಗೆಗಿನ ಒಂದು ಪುಸ್ತಕ ಅವರ ಕೈಗೆ ಸಿಕ್ಕಿತು. ಅದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಪೋಪ್ 13ನೇ ಲಿಯೋ ಅವರು 1891ರಲ್ಲಿ ಬರೆದ 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಿಂದ ಈ ಬೋಧನೆ ಸ್ಪಷ್ಟ ರೂಪ ಪಡೆಯಿತು. ಕಾರ್ಮಿಕ ಯಂತ್ರವಲ್ಲ, ಮನುಷ್ಯ. ಅವನ ಕೂಲಿ ಅವನ ಸಂಸಾರ ನಡೆಯುವಷ್ಟಿರಬೇಕು ಎಂಬುದು ಅದರ ಸಾರ.

2. ಕಾರ್ಮಿಕನಾಗಬೇಕೆಂದವರು ಮುಖ್ಯಸ್ಥರಾದರು

1945ರಲ್ಲಿ ನೌಕಾಪಡೆ ಅವರನ್ನು ಹವಾಮಾನ ಶಾಸ್ತ್ರ ಕಲಿಯಲು ಅಮೆರಿಕದ ಶಿಕಾಗೋಗೆ ಕಳುಹಿಸಿತು. ಅಲ್ಲಿದ್ದಾಗ ಅವರು ಒಂದು ತೀರ್ಮಾನಕ್ಕೆ ಬಂದರು: ನೌಕಾಪಡೆ ಬಿಡಬೇಕು, ಕಾರ್ಖಾನೆಯಲ್ಲಿ ಸಾಮಾನ್ಯ ಕಾರ್ಮಿಕನಾಗಿ ದುಡಿಯಬೇಕು. ಆಗ ಒಬ್ಬ ಗುರುಗಳು ಬೇರೆ ಸಲಹೆ ಕೊಟ್ಟರು. ನೀನು ಹುಟ್ಟಿ ಬೆಳೆದದ್ದು ಉದ್ಯಮಿಗಳ ನಡುವೆ, ಬದಲಾವಣೆ ಆಗಬೇಕಾದದ್ದೂ ಅಲ್ಲೇ, ಅಲ್ಲಿಗೇ ಹೋಗು ಎಂಬ ಅರ್ಥದ ಸಲಹೆ ಅದು. ಎನ್ರೀಕೆ ಒಪ್ಪಿಕೊಂಡರು. ರಿಗೊಲ್ಲೋ ಎಂಬ ಗಾಜಿನ ಕಾರ್ಖಾನೆಗೆ ಸೇರಿದರು. ಇದು ರಾಜಧಾನಿ ಬ್ಯೂನಸ್ ಐರಿಸ್ ಹತ್ತಿರದ ಬೆರಾಸಾತೆಗಿ ಎಂಬ ಊರಿನಲ್ಲಿತ್ತು. ಮುಂದೆ ಅದರ ಮುಖ್ಯ ನಿರ್ದೇಶಕರಾದರು.

ಅದು ದೊಡ್ಡ ಕಾರ್ಖಾನೆ, ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರು. ಗಾಜಿನ ಕುಲುಮೆಯ ಮುಂದೆ ನಿಂತು ದುಡಿಯುವುದು ಎಷ್ಟು ಕಷ್ಟ ಎಂದು ಊಹಿಸಿಕೊಳ್ಳಿ. ಎನ್ರೀಕೆ ಕಚೇರಿಯಲ್ಲೇ ಕುಳಿತಿರಲಿಲ್ಲ. ಕಾರ್ಮಿಕರ ನಡುವೆ ಓಡಾಡುತ್ತಿದ್ದರು, ಅವರ ಮನೆಯವರ ಕ್ಷೇಮ ಸಮಾಚಾರ ಕೇಳುತ್ತಿದ್ದರು.

3. ಒಂಬತ್ತು ಮಕ್ಕಳ ತಂದೆ

1943ರಲ್ಲಿ ಎನ್ರೀಕೆ ಸೆಸೀಲಿಯಾ ಬುಂಗೆ ಅವರನ್ನು ಮದುವೆಯಾದರು. ಅವರಿಗೆ 9 ಮಂದಿ ಮಕ್ಕಳು. ದೂರ ಇದ್ದಾಗಲೆಲ್ಲ ಹೆಂಡತಿಗೆ ಪತ್ರ ಬರೆಯುತ್ತಿದ್ದರು. ಎಷ್ಟೇ ಕೆಲಸವಿದ್ದರೂ ಮಕ್ಕಳ ಜೊತೆ ಆಡುವುದನ್ನು, ಮನೆಯವರೆಲ್ಲ ಸೇರಿ ಜಪಸರ ಹೇಳುವುದನ್ನು ಬಿಡಲಿಲ್ಲ. ಊರಿಗೆ ಉಪಕಾರಿಯಾಗಿ ಮನೆಗೆ ಮಾರಿಯಾಗುವವರನ್ನು ನಾವು ನೋಡಿದ್ದೇವೆ. ಎನ್ರೀಕೆ ಹಾಗಾಗಲಿಲ್ಲ. ತನ್ನ ಮಕ್ಕಳ ತಟ್ಟೆ ನೋಡಿದವರಿಗೇ ಕಾರ್ಮಿಕನ ಮಕ್ಕಳ ತಟ್ಟೆಯ ನೆನಪೂ ಬರುತ್ತದೆ, ಅಲ್ಲವೇ?

4. ಕುಟುಂಬ ಭತ್ಯೆ: ಇದನ್ನು ಸ್ವಲ್ಪ ವಿವರವಾಗಿ ತಿಳಿಯೋಣ

ಒಬ್ಬರೇ ಒಳ್ಳೆಯವರಾದರೆ ಸಾಲದು ಎಂದು ಅವರಿಗೆ ಗೊತ್ತಿತ್ತು. ಅದಕ್ಕಾಗಿ 1952ರಲ್ಲಿ ಕ್ರೈಸ್ತ ಉದ್ಯಮ ಮುಖಂಡರ ಸಂಘವನ್ನು ಕಟ್ಟಿದರು. ಈ ಸಂಘ ಒತ್ತಾಯಿಸಿದ ಒಂದು ಮುಖ್ಯ ವಿಷಯ ಕುಟುಂಬ ಭತ್ಯೆ.

ಇಲ್ಲಿ ಒಂದು ತೊಡಕಿದೆ. ಮಕ್ಕಳಿರುವ ಕಾರ್ಮಿಕನಿಗೆ ಖರ್ಚು ಹೆಚ್ಚು, ಅವನಿಗೆ ಸ್ವಲ್ಪ ಹೆಚ್ಚು ಕೊಡಬೇಕು ಎಂದು ಕಾನೂನು ಮಾಡಿದರೆ ಏನಾಗುತ್ತದೆ? ಮಾಲೀಕ ಲೆಕ್ಕ ಹಾಕುತ್ತಾನೆ: "ನಾಲ್ಕು ಮಕ್ಕಳಿರೋನು ಯಾಕೆ, ಮದುವೆ ಆಗದವನನ್ನೇ ತಗೊಳ್ಳೋಣ." ಸಹಾಯ ಮಾಡಲು ಹೊರಟ ಕಾನೂನೇ ಬಡ ಸಂಸಾರಸ್ಥನ ಕೆಲಸ ಕಳೆಯುತ್ತದೆ! ಇದಕ್ಕೆ ಪರಿಹಾರ ಸಾಮಾನ್ಯ ನಿಧಿ. ಎಲ್ಲಾ ಮಾಲೀಕರೂ ತಾವು ಕೊಡುವ ಒಟ್ಟು ಸಂಬಳಕ್ಕೆ ತಕ್ಕಂತೆ ಒಂದು ನಿಧಿಗೆ ಹಣ ಕಟ್ಟಬೇಕು. ಮಕ್ಕಳಿರುವ ಕಾರ್ಮಿಕರಿಗೆ ಭತ್ಯೆ ಆ ನಿಧಿಯ ಲೆಕ್ಕದಿಂದ ಹೋಗಬೇಕು. ಆಗ ಯಾರನ್ನು ಕೆಲಸಕ್ಕೆ ತೆಗೆದುಕೊಂಡರೂ ಮಾಲೀಕನಿಗೆ ಖರ್ಚು ಅಷ್ಟೇ. 1957ರಲ್ಲಿ ಅರ್ಜೆಂಟೀನಾದಲ್ಲಿ ಇಂಥ ನಿಧಿಗಳು ಜಾರಿಗೆ ಬಂದವು.

ನಮ್ಮ ದೇಶದ ಇ.ಎಸ್.ಐ. ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಮಾಲೀಕರೂ ಕಾರ್ಮಿಕರೂ ನಿಧಿಗೆ ಕಟ್ಟುತ್ತಾರೆ, ಇ.ಎಸ್.ಐ. ಇರುವ ಹೆಣ್ಣುಮಗಳಿಗೆ ಹೆರಿಗೆ ರಜೆಯ ಹಣ ಆ ನಿಧಿಯಿಂದ ಬರುತ್ತದೆ. ಇ.ಎಸ್.ಐ. ಇಲ್ಲದ ಕಡೆ ಪೂರಾ ಖರ್ಚು ಒಬ್ಬ ಮಾಲೀಕನ ಮೇಲೆ ಬೀಳುತ್ತದೆ. ಹೊಸದಾಗಿ ಮದುವೆಯಾದವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡುವುದು ಯಾಕೆಂದು ಈಗ ಅರ್ಥವಾಯಿತಲ್ಲ?

5. ಪರೀಕ್ಷೆಯ ಕಾಲ

1955ರಲ್ಲಿ ಅರ್ಜೆಂಟೀನಾ ಸರಕಾರಕ್ಕೂ ಧರ್ಮಸಭೆಗೂ ಘರ್ಷಣೆ ನಡೆದಾಗ ಎನ್ರೀಕೆ ಕೆಲವು ದಿನ ಸೆರೆಮನೆ ಕಂಡರು. 1957ರಲ್ಲಿ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಆಗ ಅವರ ವಯಸ್ಸು 36. ಆದರೂ ಕೆಲಸ ನಿಲ್ಲಿಸಲಿಲ್ಲ.

ದೊಡ್ಡ ಪರೀಕ್ಷೆ ಬಂದದ್ದು 1961ರಲ್ಲಿ. ಕಾರ್ಖಾನೆಯ ಹೆಚ್ಚಿನ ಷೇರುಗಳು ಅಮೆರಿಕದ ಕಂಪನಿಯೊಂದರ ಕೈಗೆ ಹೋದವು. ಸುಮಾರು 1200 ಕಾರ್ಮಿಕರನ್ನು ತೆಗೆದುಹಾಕಬೇಕೆಂಬ ತೀರ್ಮಾನ ಬಂತು. ಎನ್ರೀಕೆ ವಿರೋಧಿಸಿದರು. ಒಬ್ಬನನ್ನು ತೆಗೆದರೂ ತಾನು ರಾಜೀನಾಮೆ ಕೊಡುವುದಾಗಿ ಹೇಳಿದರು. ಬರೀ ವಿರೋಧಿಸಿ ಸುಮ್ಮನಾಗಲಿಲ್ಲ. ಯಾರನ್ನೂ ಬಿಡದೆ ಕಷ್ಟಕಾಲ ದಾಟುವುದಕ್ಕೆ ಒಂದು ಯೋಜನೆ ತಯಾರಿಸಿ ಮುಂದಿಟ್ಟರು. ಅದು ಒಪ್ಪಿಗೆಯಾಯಿತು. ಕಾರ್ಮಿಕರ ಕೆಲಸ ಉಳಿಯಿತು. ಮೈಯಲ್ಲಿ ಕ್ಯಾನ್ಸರ್, ಮನೆಯಲ್ಲಿ 9 ಮಕ್ಕಳು. ಇಂಥ ಹೊತ್ತಿನಲ್ಲಿ ತನ್ನ ಹುದ್ದೆಯನ್ನೇ ಪಣಕ್ಕಿಡುವುದು ಸಣ್ಣ ಮಾತಲ್ಲ.

1962ರಲ್ಲಿ ಅವರ ಸ್ಥಿತಿ ಬಿಗಡಾಯಿಸಿ ರಕ್ತ ಬೇಕಾಯಿತು. ಸುದ್ದಿ ತಿಳಿದು ಕಾರ್ಖಾನೆಯ ಸುಮಾರು 260 ಮಂದಿ ಕಾರ್ಮಿಕರು ರಕ್ತ ಕೊಡಲು ಆಸ್ಪತ್ರೆಗೆ ಬಂದರು. ತನ್ನ ಮೈಯಲ್ಲಿ ಈಗ ಕಾರ್ಮಿಕರ ರಕ್ತ ಹರಿಯುತ್ತಿದೆ ಎಂದು ಎನ್ರೀಕೆ ಸಂತೋಷದಿಂದ ಹೇಳಿಕೊಂಡರಂತೆ. ಕೊನೆಗೂ ಅವರು ಉಳಿಯಲಿಲ್ಲ. 1962ರ ಆಗಸ್ಟ್ 27ರಂದು, 41ರ ವಯಸ್ಸಿನಲ್ಲಿ ತೀರಿಕೊಂಡರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಎನ್ರೀಕೆ ಶಾ ಅವರ ಸದ್ಗುಣದ ಬಾಳನ್ನು ಅಧಿಕೃತವಾಗಿ ಮಾನ್ಯ ಮಾಡಿದರು. ಸಂತ ಪದವಿಯ ದಾರಿಯಲ್ಲಿ ಇದು ಒಂದು ದೊಡ್ಡ ಹೆಜ್ಜೆ.

6. ನಮಗೆ ಏನು ಪಾಠ?

ವ್ಯಾಪಾರ ಚೆನ್ನಾಗಿ ನಡೆಯುವಾಗ ದಯೆ ತೋರಿಸುವುದು ಸುಲಭ. ಹಬ್ಬಕ್ಕೊಂದು ಸೀರೆ, ಒಂದು ಡಬ್ಬ ಸಿಹಿ ಎಲ್ಲರೂ ಕೊಡುತ್ತೇವೆ. ನಷ್ಟ ಬಂದಾಗ ಮೊದಲು ಯಾರ ಹೊಟ್ಟೆಗೆ ಕೈ ಹಾಕುತ್ತೇವೆ, ಅಲ್ಲಿ ನಮ್ಮ ನಿಜ ಬಣ್ಣ ತಿಳಿಯುತ್ತದೆ. ಎನ್ರೀಕೆ ನಷ್ಟವಾಗಲಿ ಎಂದು ಬಿಡಲಿಲ್ಲ, ಲೆಕ್ಕವನ್ನೂ ಮರೆಯಲಿಲ್ಲ. ಆ ಲೆಕ್ಕದಲ್ಲಿ ಮನುಷ್ಯರನ್ನೂ ಸೇರಿಸಿದರು, ಅಷ್ಟೇ.

ನಮ್ಮ ಹಪ್ಪಳದ ಘಟಕದಲ್ಲಿ ಮಳೆಗಾಲಕ್ಕೆ ಕೆಲಸ ಕಡಿಮೆಯಾಗುತ್ತದೆ. ಆಗ ಇಬ್ಬರಲ್ಲಿ ಒಬ್ಬಳನ್ನು ಬಿಡಿಸುವ ಮೊದಲು, ಇಬ್ಬರನ್ನೂ ಕೂರಿಸಿಕೊಂಡು ಮಾತಾಡಬಹುದು. ಇರುವ ಕೆಲಸವನ್ನು ಹಂಚಿಕೊಳ್ಳಬಹುದು. ಬೇಸಿಗೆಯ ಲಾಭದಿಂದ ಪ್ರತಿ ತಿಂಗಳು ಸ್ವಲ್ಪ ತೆಗೆದಿಟ್ಟು ಮಳೆಗಾಲಕ್ಕೆ ನಿಧಿ ಮಾಡಬಹುದು. ಉಳಿತಾಯ ಮಾಡುವುದು ಸಂಘದವರಿಗೆ ಹೊಸದೇನಲ್ಲ.

ಗುಂಪಿನಲ್ಲಿ ಚರ್ಚಿಸಿರಿ:

1. ನಿಮ್ಮ ಹತ್ತಿರ ಕೆಲಸ ಮಾಡುವವರ ಮಕ್ಕಳು ಎಷ್ಟು ಜನ, ಯಾವ ತರಗತಿಯಲ್ಲಿ ಓದುತ್ತಿದ್ದಾರೆ? ನಿಮಗೆ ಗೊತ್ತಿದೆಯೇ?

2. ಕಳೆದ ವರ್ಷ ನಷ್ಟ ಬಂದಾಗ ಯಾವ ಖರ್ಚನ್ನು ಮೊದಲು ಕಡಿಮೆ ಮಾಡಿದಿರಿ? ಬೇರೆ ದಾರಿ ಇತ್ತೇ?

3. ಕೆಲಸದವರ ಕಾಯಿಲೆ, ಹೆರಿಗೆ ಸಮಯಕ್ಕಾಗಿ ನಿಮ್ಮ ಸಂಘ ಒಂದು ಸಾಮಾನ್ಯ ನಿಧಿ ಮಾಡಬಹುದೇ? ತಿಂಗಳಿಗೆ ಎಷ್ಟು ಹಾಕಲು ಸಾಧ್ಯ?

ಮೂರನೇ ಪ್ರಶ್ನೆಗೆ ಬಂದ ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆದು, ಮುಂದಿನ ಸಭೆಗೆ ತಪ್ಪದೆ ತನ್ನಿ.