ತಾತನ ಟ್ರಂಕಿನ ಹಳೆಯ ನೋಟು

ಮನೆಯ ಹಳೇ ಟ್ರಂಕಿನಲ್ಲಿ ಚೀನಾ, ಜಪಾನಿನ ನೋಟು ಸಿಕ್ಕಿದರೆ ಮೊದಲು ಇಸವಿ ಹುಡುಕಿ. ಎರಡನೇ ಮಹಾಯುದ್ಧಕ್ಕೆ ಹಿಂದಿನವುಗಳಲ್ಲಿ ಅಡ್ಡಸಾಲನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಓದಬೇಕು. ಚೀನಾ ಗಣರಾಜ್ಯದ ವರ್ಷಕ್ಕೆ 1911 ಕೂಡಿಸಿ. 30 ಎಂದಿದ್ದರೆ 1941. ಜಪಾನಿನ ಶೋವಾ ಯುಗದ ವರ್ಷಕ್ಕಾದರೆ 1925 ಕೂಡಿಸಿ.

ಬರ್ಮಾ, ಮಲಯಾದಿಂದ ಮರಳಿದವರ ಮನೆಗಳಲ್ಲಿ ಸಿಗುವ ಬಗೆಯೇ ಬೇರೆ. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಜಪಾನ್ ಹೊರಡಿಸಿದ ನೋಟುಗಳವು. ಮೇಲೆ ಇಂಗ್ಲಿಷಿನಲ್ಲಿ ಜಪಾನ್ ಸರ್ಕಾರದ ಹೆಸರಿರುತ್ತದೆ. ನೋಟಿನ ಮೇಲಿನ ಸಂಕೇತದ ಮೊದಲಕ್ಷರ ‘ಬಿ’ ಆದರೆ ಬರ್ಮಾ, ‘ಎಂ’ ಆದರೆ ಮಲಯಾ. ಮಲಯಾದ 10 ಡಾಲರ್ ನೋಟಿನಲ್ಲಿ ಗೊನೆಬಿಟ್ಟ ಬಾಳೆಗಿಡವಿದೆ. ಜನ ಅದನ್ನು ಬಾಳೆಹಣ್ಣಿನ ದುಡ್ಡು ಎಂದೇ ಕರೆದರು. ರಾಶಿರಾಶಿ ಅಚ್ಚಾದ್ದರಿಂದ ಸಾಮಾನ್ಯ ನೋಟಿಗೆ ದೊಡ್ಡ ಬೆಲೆಯಿಲ್ಲ, ಆದರೂ ದಯವಿಟ್ಟು ಎಸೆಯಬೇಡಿ. ಇಸ್ತ್ರಿ, ಸೆಲ್ಲೋಟೇಪ್ ಬೇಡವೇ ಬೇಡ. ಯಾರು ತಂದದ್ದು, ಯಾವ ಊರಿನಿಂದ ಎಂದು ಹಿರಿಯರನ್ನು ಇವತ್ತೇ ಕೇಳಿ ಬರೆದಿಡಿ.