ವಸ್ತುವಿನ ವಿನ್ಯಾಸ ಮತ್ತು ಗ್ರಾಹಕ: ಮೊಪೆಡ್ ಕಲಿಸುವ ಪಾಠ

ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಮೊಪೆಡ್‌ಗೆ ಜನರಿಟ್ಟಿರುವ ಹೆಸರು 'ಟಿವಿಎಸ್'. ನಗರಗಳಲ್ಲಿ ಗೇರ್ ಇಲ್ಲದ ಸ್ಕೂಟರನ್ನು, ಅದರ ತಯಾರಕರು ಯಾರೇ ಆಗಿರಲಿ, 'ಸ್ಕೂಟಿ' ಎಂದು ಕರೆಯುವ ರೂಢಿಯಿದೆ. ಈ ಎರಡು ಹೆಸರುಗಳೂ ಒಂದೇ ಸಂಸ್ಥೆಗೆ ಸೇರಿದವು. ಚೆನ್ನೈ ನಗರದ ನುಂಗಂಬಾಕ್ಕಂ ಬಡಾವಣೆಯಲ್ಲಿ ಕಛೇರಿಯನ್ನೂ, ಹೊಸೂರು ಮತ್ತು ಮೈಸೂರುಗಳಲ್ಲಿ ಕಾರ್ಖಾನೆಗಳನ್ನೂ ಹೊಂದಿರುವ ಟಿವಿಎಸ್ ಮೋಟರ್ ಕಂಪನಿಯೇ ಆ ಸಂಸ್ಥೆ. ವ್ಯಾಪಾರದ ಹೆಸರೊಂದು ಜನರ ಆಡುಮಾತಿನ ಪದವಾಗಲು ಜಾಹೀರಾತೊಂದೇ ಸಾಲದು. ಆ ವಸ್ತು ಅವರ ನಿತ್ಯದ ದುಡಿಮೆಗೂ ಸಂಸಾರಕ್ಕೂ ಹೊಂದಿಕೊಳ್ಳಬೇಕು. ಈ ಹೊಂದಾಣಿಕೆಯನ್ನು ಸಾಧಿಸುವ ಕಾರ್ಯವೇ ವಿನ್ಯಾಸ.

ವಿನ್ಯಾಸವೆಂದರೇನು?

ವಿನ್ಯಾಸವೆಂದೊಡನೆ ಬಣ್ಣ, ಆಕಾರ, ಹೊರಮೆರುಗುಗಳು ನೆನಪಿಗೆ ಬರುವುದು ಸಹಜ. ಇವು ವಿನ್ಯಾಸದ ಒಂದು ಭಾಗ ಮಾತ್ರ. ವಸ್ತುವನ್ನು ಯಾರು, ಎಲ್ಲಿ, ಯಾವ ಕೆಲಸಕ್ಕಾಗಿ ಬಳಸುತ್ತಾರೆ, ಅದಕ್ಕೆ ತಗಲುವ ವೆಚ್ಚವೆಷ್ಟು, ಕೆಟ್ಟರೆ ದುರಸ್ತಿ ಮಾಡುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು ಅದರ ರೂಪವನ್ನು ನಿರ್ಧರಿಸುವುದೇ ಸಮಗ್ರ ವಿನ್ಯಾಸ.

ಭಾರತ ಸರ್ಕಾರದ ಆಹ್ವಾನದ ಮೇರೆಗೆ ದೇಶವನ್ನು ಸುತ್ತಿದ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಂದು ವರದಿಯನ್ನು ಸಲ್ಲಿಸಿದರು. ಉತ್ತರ ಭಾರತದವರು ಲೋಟಾ ಎಂದು ಕರೆಯುವ ನಮ್ಮ ಚೊಂಬನ್ನು ಅವರು ಅದರಲ್ಲಿ ಉತ್ತಮ ವಿನ್ಯಾಸದ ನಿದರ್ಶನವಾಗಿ ಎತ್ತಿ ತೋರಿಸಿದರು. ಹಿಡಿಯಲು ಒಪ್ಪುವ ಕಂಠ, ತುಂಬಿದಾಗಲೂ ಬರಿದಾದಾಗಲೂ ತಪ್ಪದ ಸಮತೋಲ, ನೀರು ಸುರಿಯುವ ಬಗೆ, ತೊಳೆಯುವ ಅನುಕೂಲ, ಬೆಲೆ ಇವೆಲ್ಲವೂ ತಲೆಮಾರುಗಳ ಬಳಕೆಯಿಂದ ಅದರ ಆಕಾರದಲ್ಲಿ ಒಂದುಗೂಡಿವೆ. ಈ ವರದಿಯ ಹಿನ್ನೆಲೆಯಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಗೊಂಡಿತು.

ದುಡಿಯುವವನ ವಾಹನ

1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ 'ಟಿವಿಎಸ್ 50' ಹೊರಬಂದಿತು. ಇದು ದೇಶದ ಮೊದಲ ಎರಡು ಆಸನಗಳ ಮೊಪೆಡ್. ಆ ಕಾಲದಲ್ಲಿ ಸ್ಕೂಟರ್ ಕೊಳ್ಳಲು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಸಣ್ಣ ರೈತ, ಹಾಲು ಮಾರುವವನು, ಶಾಲೆಯ ಉಪಾಧ್ಯಾಯ ಮೊದಲಾದವರಿಗೆ ಸೈಕಲ್ಲೇ ಗತಿ. ಪೆಡಲಿನಿಂದ ಚಾಲೂ ಆಗುವ, ಗೇರ್ ಬದಲಿಸುವ ಗೊಡವೆಯಿಲ್ಲದ ಮೊಪೆಡ್ ಸೈಕಲ್ ಬಲ್ಲವನಿಗೆ ಹೊಸದಾಗಿ ಕಲಿಯಬೇಕಾದ ಯಂತ್ರವೆನಿಸಲಿಲ್ಲ. ಎರಡನೆಯ ಆಸನವಿದ್ದುದರಿಂದ ಪತ್ನಿಯೊಡನೆ ಸಂತೆಗೂ ಆಸ್ಪತ್ರೆಗೂ ಹೋಗಿಬರುವುದು ಸುಲಭವಾಯಿತು.

ಮುಂದೆ ಬಂದ 'ಎಕ್ಸ್‌ಎಲ್' ಮಾದರಿಗಳಲ್ಲಿ ಈ ದೃಷ್ಟಿ ಇನ್ನೂ ಸ್ಪಷ್ಟವಾಗಿ ಕಂಡುಬರುತ್ತದೆ. ಹಿಡಿಕೆಗೂ ಆಸನಕ್ಕೂ ನಡುವೆ ಬಿಟ್ಟಿರುವ ತೆರವಾದ ಜಾಗದಲ್ಲಿ ಗೊಬ್ಬರದ ಚೀಲ ನಿಲ್ಲುತ್ತದೆ. ಹಿಂದಿನ ಆಸನವನ್ನು ಕಳಚಿದರೆ ಹಾಲಿನ ಕ್ಯಾನು, ತರಕಾರಿ ಬುಟ್ಟಿಗಳಿಗೆ ಸ್ಥಳ ದೊರೆಯುತ್ತದೆ. ಸಂಜೆ ಅದನ್ನು ಮತ್ತೆ ಜೋಡಿಸಿದರೆ ಅದೇ ವಾಹನ ಸಂಸಾರದ ವಾಹನವಾಗುತ್ತದೆ. ಸ್ಕೂಟರಿನ ಚಕ್ರಗಳಿಗಿಂತ ದೊಡ್ಡದಾದ, ಕಡ್ಡಿಗಳಿರುವ ಚಕ್ರಗಳು ಹಳ್ಳಿಯ ಕಚ್ಚಾ ರಸ್ತೆಯ ಗುಂಡಿಗಳನ್ನು ದಾಟಲು ಅನುಕೂಲ. ಯಂತ್ರದ ರಚನೆ ಸರಳವಾಗಿರುವುದರಿಂದ ಊರಿನ ಮೆಕ್ಯಾನಿಕ್ಕೇ ಅದನ್ನು ಬಿಚ್ಚಿ ಜೋಡಿಸಬಲ್ಲ. ನೋಟಕ್ಕೆ ಈ ವಾಹನ ಸಾಧಾರಣ. ಆದರೆ ಅದರ ಒಂದೊಂದು ಅಂಗವೂ ಬಳಸುವವನ ಒಂದೊಂದು ಅಗತ್ಯಕ್ಕೆ ಉತ್ತರವಾಗಿದೆ.

ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಬೇಕಾಗಿತ್ತು, ಹೊಗೆಯೂ ಹೆಚ್ಚು. 2015ರಲ್ಲಿ ಬಂದ 'ಎಕ್ಸ್‌ಎಲ್ 100' ಮಾದರಿಯಲ್ಲಿ ಫೋರ್ ಸ್ಟ್ರೋಕ್ ಎಂಜಿನನ್ನು ಅಳವಡಿಸಲಾಯಿತು. ಒಳಗಿನ ಯಂತ್ರ ಬದಲಾದರೂ ತೆರವಾದ ನಡುಭಾಗ ಮತ್ತು ಕಳಚಬಲ್ಲ ಆಸನಗಳನ್ನು ಉಳಿಸಿಕೊಂಡದ್ದು ಗಮನಾರ್ಹ. ಗ್ರಾಹಕನು ಮೆಚ್ಚಿಕೊಂಡ ಗುಣಗಳನ್ನು ಕೈಬಿಡದೆ, ಅವನಿಗೆ ತೊಡಕಾಗಿದ್ದುದನ್ನು ನಿವಾರಿಸಿದ ಕ್ರಮ ಇದು.

ಸ್ಕೂಟಿ ಮತ್ತು ಮಹಿಳೆ

ಹಿಂದಿನ ಗೇರ್ ಸ್ಕೂಟರುಗಳು ಭಾರವಾಗಿದ್ದವು. ಅವುಗಳನ್ನು ಕಾಲಿನಿಂದ ಒದ್ದು ಚಾಲೂ ಮಾಡಬೇಕಾಗಿತ್ತು. ಎಡಗೈಯಲ್ಲಿ ಕ್ಲಚ್ ಹಿಡಿದು ಹಿಡಿಕೆಯನ್ನು ತಿರುಗಿಸಿ ಗೇರ್ ಹಾಕಬೇಕಾಗಿತ್ತು. ಸೀರೆಯುಟ್ಟ ಮಹಿಳೆಗೆ ಇದು ಪ್ರಯಾಸದ ಕೆಲಸ. 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ ಗೇರಿನ ತೊಡಕನ್ನು ನಿವಾರಿಸಿತು. 1990ರ ದಶಕದಲ್ಲಿ ಬಂದ ಸ್ಕೂಟಿ ಇನ್ನೂ ಹಗುರವಾಗಿತ್ತು. ಗುಂಡಿಯೊತ್ತಿದರೆ ಚಾಲೂ ಆಗುವ ಈ ಬಗೆಯ ವಾಹನಗಳಿಂದ ಶಿಕ್ಷಕಿಯರು, ದಾದಿಯರು, ಕಾಲೇಜು ವಿದ್ಯಾರ್ಥಿನಿಯರು ಮತ್ತೊಬ್ಬರನ್ನು ಅವಲಂಬಿಸದೆ ಓಡಾಡುವುದು ಸುಲಭವಾಯಿತು. ವಾಹನದ ತೂಕ ಮತ್ತು ಆಸನದ ಎತ್ತರದಂತಹ ಸಣ್ಣ ಸಂಗತಿಗಳು ವ್ಯಕ್ತಿಯೊಬ್ಬಳ ಉದ್ಯೋಗದ ಆಯ್ಕೆಯನ್ನೇ ವಿಸ್ತರಿಸಬಲ್ಲವು.

ಹೊಂದಾಣಿಕೆ ತಪ್ಪಿದಾಗ

ಉದ್ದೇಶ ಒಳ್ಳೆಯದಾಗಿದ್ದರೂ ಬಳಕೆಯೊಡನೆ ಹೊಂದಾಣಿಕೆ ತಪ್ಪಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೂಪುಗೊಂಡ 'ಅಸ್ತ್ರ ಒಲೆ' ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಉಪಯುಕ್ತ ಸಾಧನ. ಇಂತಹ ಸುಧಾರಿತ ಒಲೆಗಳನ್ನು ಜನರಿಗೆ ತಲುಪಿಸಲು 1980ರ ದಶಕದಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. ದೇಶದಾದ್ಯಂತ ಹಾಕಿಸಿದ ನಾನಾ ಮಾದರಿಯ ಒಲೆಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು. ಮನೆಯ ಪಾತ್ರೆಗೆ ಕುಳಿ ಹೊಂದದಿದ್ದರೆ, ಕೊಳವೆಯಲ್ಲಿ ಮಸಿ ಕಟ್ಟಿದರೆ, ಬಿರುಕು ಬಿಟ್ಟಾಗ ಸರಿಪಡಿಸುವವರು ಊರಿನಲ್ಲಿ ಸಿಗದಿದ್ದರೆ ಗೃಹಿಣಿ ಹಳೆಯ ಒಲೆಗೇ ಮರಳುತ್ತಾಳೆ. ಹೊಗೆಯಿಂದ ಕಣ್ಣು, ಶ್ವಾಸಕೋಶಗಳಿಗೆ ಆಗುವ ಹಾನಿ ಹಾಗೆಯೇ ಉಳಿಯುತ್ತದೆ. ಅಡುಗೆ ಮಾಡುವವಳನ್ನು ಮೊದಲೇ ವಿಚಾರಿಸಿ, ಅವಳ ಪಾತ್ರೆಯನ್ನು ಅಳೆದು ಕಟ್ಟಿದ ಒಲೆ ಹೆಚ್ಚು ಕಾಲ ಉರಿಯುತ್ತದೆ.

ಸಣ್ಣ ತಯಾರಕರಿಗೆ ಕೆಲವು ಸೂಚನೆಗಳು

ದೊಡ್ಡ ಕಾರ್ಖಾನೆಗೆ ಅನ್ವಯಿಸುವ ಈ ಪಾಠ ಚನ್ನಪಟ್ಟಣದ ಆಟಿಕೆ ತಯಾರಕನಿಗೂ, ಕೃಷಿ ಉಪಕರಣ ಮಾಡುವ ಕಮ್ಮಾರನಿಗೂ ಸಮಾನವಾಗಿ ಅನ್ವಯಿಸುತ್ತದೆ.

1. ಹೊಸ ವಸ್ತುವನ್ನು ತಯಾರಿಸುವ ಮೊದಲು ಅದನ್ನು ಬಳಸುವವರು ಕೆಲಸ ಮಾಡುವ ಸ್ಥಳದಲ್ಲಿಯೇ ಅವರನ್ನು ಗಮನಿಸಬೇಕು.

2. ಮೊದಲ ಮಾದರಿಯನ್ನು ಬಳಕೆದಾರರ ಕೈಗೆ ಕೊಟ್ಟು, ಅವರು ತಾವಾಗಿಯೇ ಮಾಡಿಕೊಳ್ಳುವ ಮಾರ್ಪಾಡುಗಳನ್ನು ಗುರುತಿಸಿಕೊಳ್ಳಬೇಕು.

3. ಬಿಡಿಭಾಗ ಮತ್ತು ದುರಸ್ತಿ ಹತ್ತಿರದ ಊರಿನಲ್ಲಿಯೇ ದೊರೆಯುವಂತಿರಬೇಕು.

4. ವಸ್ತುವಿನ ಹೊಸ ಆಕಾರ ಅಥವಾ ಅಲಂಕಾರವನ್ನು ವಿನ್ಯಾಸಗಳ ಕಾಯಿದೆ, 2000ರ ಅಡಿಯಲ್ಲಿ ನೋಂದಾಯಿಸಬಹುದು. ಇದರಿಂದ 10 ವರ್ಷಗಳ ರಕ್ಷಣೆ ದೊರೆಯುತ್ತದೆ. ಅದನ್ನು ಇನ್ನೂ 5 ವರ್ಷ ವಿಸ್ತರಿಸಲು ಅವಕಾಶವಿದೆ. ಕಣ್ಣಿಗೆ ಕಾಣುವ ರೂಪಕ್ಕೆ ಮಾತ್ರ ಈ ರಕ್ಷಣೆ ಅನ್ವಯಿಸುತ್ತದೆ. ವಸ್ತುವನ್ನು ಮಾರುಕಟ್ಟೆಯಲ್ಲಿ ಬಹಿರಂಗಪಡಿಸುವ ಮುನ್ನವೇ ಅರ್ಜಿ ಸಲ್ಲಿಸುವುದು ಅವಶ್ಯಕ.

ಕೇಂದ್ರ ಸರ್ಕಾರವು 2007ರಲ್ಲಿ ರಾಷ್ಟ್ರೀಯ ವಿನ್ಯಾಸ ನೀತಿಯನ್ನು ಅಂಗೀಕರಿಸಿತು. ನೀತಿಯ ಫಲ ಜನರಿಗೆ ತಲುಪಬೇಕಾದರೆ ಗ್ರಾಹಕರ ಪಾತ್ರವೂ ಮುಖ್ಯ. ಕೊಂಡ ವಸ್ತುವಿನ ಹಿಡಿ ಕೈಗೆ ಒಗ್ಗದಿದ್ದರೆ, ಮುಚ್ಚಳ ತೆರೆಯಲು ಕಷ್ಟವಾದರೆ ಹಣೆಬರಹವೆಂದು ಸುಮ್ಮನಿರದೆ ತಯಾರಕರಿಗೆ ತಿಳಿಸಬೇಕು. ಅಂತಹ ಮಾತನ್ನು ದೂರೆಂದು ತಳ್ಳಿಹಾಕದೆ ಕೇಳಿಸಿಕೊಳ್ಳುವ ತಯಾರಕನಿಗೆ ಮುಂದಿನ ಮಾದರಿಯಲ್ಲಿ ಏನನ್ನು ತಿದ್ದಬೇಕೆಂಬುದು ತಿಳಿಯುತ್ತದೆ.