ಕ್ಷಮೆ ಮತ್ತು ನ್ಯಾಯ

ತಪ್ಪು ಮಾಡದ ಮಾನವನಿಲ್ಲ. ತಪ್ಪು ಮಾಡಿದವನನ್ನು ಏನು ಮಾಡಬೇಕೆಂಬ ಪ್ರಶ್ನೆ ಮಾನವ ಸಮಾಜದಷ್ಟೇ ಹಳೆಯದು. ದಂಡಿಸಬೇಕೆಂದು ನ್ಯಾಯವು ಹೇಳುತ್ತದೆ; ಮನ್ನಿಸಬೇಕೆಂದು ದಯೆಯು ಹೇಳುತ್ತದೆ. ಇವೆರಡೂ ಒಂದರೊಡನೊಂದು ಹೊಂದಿ ಬಾಳಬಲ್ಲವೆ? ಈ ಪ್ರಶ್ನೆಗೆ ಕ್ರೈಸ್ತ ಧರ್ಮವು ಕೊಟ್ಟ ಉತ್ತರವನ್ನು ಇಲ್ಲಿ ನೋಡೋಣ.

ಬಾಗಲಕೋಟೆಯ ಸೀಮೆಯು ಅನೇಕ ಧರ್ಮಗಳ ನೆಲೆ. ತುಳಸಿಗೇರಿಯಲ್ಲಿ ಹನುಮಂತದೇವರ ಗುಡಿಯಿದೆ. ಬಾದಾಮಿಯ ಗುಹೆಗಳಲ್ಲಿ ಶಿವ, ವಿಷ್ಣು, ತೀರ್ಥಂಕರರ ಮೂರ್ತಿಗಳಿವೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವಿದೆ. ನೇಕಾರರ ಊರಾದ ಗುಳೇದಗುಡ್ಡದಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ಮಿಷನ್ನಿನವರು ಕ್ರೈಸ್ತ ಸಭೆಯೊಂದನ್ನು ಕಟ್ಟಿದರು. ಅದಕ್ಕೆ ಮೊದಲೇ, 1831ರಲ್ಲಿ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು.

ಬೈಬಲಿನ ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್. ಅದರಲ್ಲಿ ಪಾಪಕ್ಕೆ ಹೆಚ್ಚಾಗಿ ಬಳಸಿರುವ ಪದಕ್ಕೆ ‘ಗುರಿ ತಪ್ಪುವುದು’ ಎಂದು ಅರ್ಥ. ಪಾಪವೆಂದರೆ ಕೇವಲ ನಿಯಮವನ್ನು ಮೀರುವುದಲ್ಲ; ದೇವರಿಂದಲೂ ನೆರೆಯವನಿಂದಲೂ ದೂರವಾಗುವುದು. ಮುರಿದ ಆ ಸಂಬಂಧವನ್ನು ಮನುಷ್ಯನು ತನ್ನ ಬಲದಿಂದಲೇ ಕೂಡಿಸಲಾರನು. ಯೇಸುವಿನ ಶಿಲುಬೆಯ ಮರಣದ ಮೂಲಕ ದೇವರೇ ಅದನ್ನು ಕೂಡಿಸಿದನು ಎಂಬುದು ಕ್ರೈಸ್ತರ ನಂಬಿಕೆ.

ಕ್ಷಮೆ ಎಷ್ಟು ದೊಡ್ಡದೆಂಬುದನ್ನು ಯೇಸು ಸಾಲದ ಕಥೆಯೊಂದರಿಂದ ತಿಳಿಸಿದನು. ಒಬ್ಬ ಸೇವಕನು ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿತ್ತು. ಒಂದು ತಲಾಂತು ಕೂಲಿಯವನ ಸುಮಾರು 6,000 ದಿನಗಳ ದುಡಿಮೆಗೆ ಸಮ. ಆದುದರಿಂದ ಆ ಸಾಲವು ಆರು ಕೋಟಿ ದಿನಗಳ ಕೂಲಿ! ಸೇವಕನು ಕಾಲಿಗೆ ಬಿದ್ದು ಬೇಡಿಕೊಂಡಾಗ ಅರಸನು ಅದೆಲ್ಲವನ್ನೂ ಬಿಟ್ಟುಕೊಟ್ಟನು. ಅದೇ ಸೇವಕನು ಹೊರಗೆ ಹೋಗಿ, ತನಗೆ ಕೇವಲ ನೂರು ದಿನಗಳ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನನ್ನು ಸೆರೆಗೆ ಹಾಕಿಸಿದನು. ಇದನ್ನು ಕೇಳಿದ ಅರಸನು ಕೋಪಗೊಂಡು ಅವನನ್ನೇ ದಂಡನೆಗೆ ಒಪ್ಪಿಸಿದನು. ಕ್ಷಮೆಯನ್ನು ಪಡೆದವನು ಕ್ಷಮಿಸಲೂ ಬೇಕು ಎಂಬುದು ಈ ಕಥೆಯ ಸಾರ.

ಹಾಗಾದರೆ ಕ್ಷಮೆ ದೊರೆತ ಮೇಲೆ ತಪ್ಪು ಮಾಡಿದವನ ಹೊಣೆ ಮುಗಿಯಿತೆ? ಇಲ್ಲ. ಯೆರಿಕೋ ಪಟ್ಟಣದ ಜಕ್ಕಾಯನು ಸುಂಕದವರ ಮುಖ್ಯಸ್ಥನಾಗಿದ್ದು ಐಶ್ವರ್ಯವಂತನಾಗಿದ್ದನು. ಊರವರು ದೂರವಿಟ್ಟಿದ್ದ ಅವನ ಮನೆಗೆ ಯೇಸು ಅತಿಥಿಯಾಗಿ ಬಂದಾಗ ಅವನ ಮನಸ್ಸು ತಿರುಗಿತು. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ತೆಗೆದುಕೊಂಡುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವುದಾಗಿಯೂ ಅವನು ನುಡಿದನು. ನಿಜವಾದ ಪಶ್ಚಾತ್ತಾಪವು ಕಣ್ಣೀರಿನಲ್ಲಿ ಮುಗಿಯುವುದಿಲ್ಲ. ಕೆಡಿಸಿದುದನ್ನು ಸರಿಪಡಿಸಲು ಮುಂದಾಗುತ್ತದೆ. ಬಾಸೆಲ್ ಮಿಷನ್ನಿನ ಸಭೆಗಳಲ್ಲಿಯೂ ದೊಡ್ಡ ತಪ್ಪು ಮಾಡಿದವನನ್ನು ಪವಿತ್ರ ಭೋಜನದಿಂದ ದೂರವಿಡುತ್ತಿದ್ದರು; ಅವನು ಪಶ್ಚಾತ್ತಾಪಪಟ್ಟರೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು.

ಕ್ಷಮೆಯನ್ನು ಕುರಿತು ಹೇಳುವುದು ಸುಲಭ, ನಡೆಯುವುದು ಕಷ್ಟ. ನಮ್ಮ ದೇಶದಲ್ಲಿಯೇ ನಡೆದ ಒಂದು ಘಟನೆ ಇದಕ್ಕೆ ನಿದರ್ಶನ. ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಅವರು ಒಡಿಶಾದ ಬಾರಿಪದಾದಲ್ಲಿ ಬಹುಕಾಲ ಕುಷ್ಠರೋಗಿಗಳ ಸೇವೆ ಮಾಡಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಅವರು ತಮ್ಮ ವಾಹನದಲ್ಲಿ ಮಲಗಿದ್ದಾಗ ಗುಂಪೊಂದು ಅದಕ್ಕೆ ಬೆಂಕಿಯಿಟ್ಟಿತು. ಅವರೊಡನೆ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಎಂಬ ಇಬ್ಬರು ಗಂಡುಮಕ್ಕಳೂ ಸುಟ್ಟು ಮಡಿದರು.

ಪತ್ನಿ ಗ್ಲಾಡಿಸ್ ಅವರ ದುಃಖವನ್ನು ಯಾರು ಅಳೆಯಬಲ್ಲರು? ಆದರೂ ಅವರು ಕೊಲೆಗಾರರನ್ನು ತಾವು ಕ್ಷಮಿಸಿರುವುದಾಗಿ ತಿಳಿಸಿದರು. ಕ್ಷಮೆಯೇ ಬೇರೆ, ಅಪರಾಧದ ಪರಿಣಾಮವೇ ಬೇರೆ ಎಂಬುದೂ ಅವರ ನಿಲುವಾಗಿತ್ತು. ನ್ಯಾಯಾಲಯವು ತನ್ನ ಕೆಲಸವನ್ನು ಮಾಡಿತು. 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆಯಾಯಿತು. 2005ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಗ್ಲಾಡಿಸ್ ಅವರಾದರೋ ಪತಿಯ ಸೇವಾಕಾರ್ಯವನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.

ಸಮಾಜವನ್ನು ಕಾಯುವುದು ನ್ಯಾಯದ ಕೆಲಸ. ಅದನ್ನು ನ್ಯಾಯಾಲಯಕ್ಕೆ ಬಿಡಬೇಕು. ಮನಸ್ಸನ್ನು ದ್ವೇಷದಿಂದ ಬಿಡಿಸುವುದು ಕ್ಷಮೆಯ ಕೆಲಸ. ಅದನ್ನು ನೊಂದವರೇ ಮಾಡಬೇಕು, ಅದನ್ನು ಯಾರೂ ಬಲವಂತದಿಂದ ಪಡೆಯಲಾಗದು. ಕ್ಷಮೆಯು ತಪ್ಪನ್ನು ತಪ್ಪಲ್ಲವೆನ್ನುವುದಿಲ್ಲ. ತಪ್ಪಿತಸ್ಥನೂ ಮನುಷ್ಯನೆಂಬುದನ್ನು ಮರೆಯುವುದಿಲ್ಲ. ಆದುದರಿಂದಲೇ ಅದು ದುರ್ಬಲರ ಮಾತಲ್ಲ, ಧೀರರ ಗುಣ.

ಪದಗಳ ಅರ್ಥ

ಸೀಮೆ – ಪ್ರದೇಶ. ತಲಾಂತು – ಪ್ರಾಚೀನ ಕಾಲದ ಹಣದ ಒಂದು ದೊಡ್ಡ ಪ್ರಮಾಣ. ಸುಂಕದವ – ತೆರಿಗೆ ವಸೂಲು ಮಾಡುವವ. ನಿದರ್ಶನ – ಉದಾಹರಣೆ

ಅಭ್ಯಾಸ

1. ಪಾಪ ಎಂಬುದಕ್ಕೆ ಹೊಸ ಒಡಂಬಡಿಕೆಯಲ್ಲಿರುವ ಗ್ರೀಕ್ ಪದದ ಅರ್ಥವೇನು?
2. ಅರಸನು ಸೇವಕನ ಮೇಲೆ ಕೋಪಗೊಂಡುದೇಕೆ?
3. ಜಕ್ಕಾಯನ ಪಶ್ಚಾತ್ತಾಪವು ನಿಜವಾದುದೆಂದು ಹೇಗೆ ತಿಳಿಯುತ್ತದೆ?
4. ‘ಕ್ಷಮೆಯೂ ನ್ಯಾಯವೂ ಒಂದಕ್ಕೊಂದು ವಿರೋಧವಲ್ಲ.’ ಗ್ಲಾಡಿಸ್ ಅವರ ನಡೆಯ ಆಧಾರದಿಂದ ವಿವರಿಸಿರಿ.